ನಾಲ್ವರ ಪರಸ್ಥಾನ

ಕಲ್ಯಾಣದುರ್ಗದಲ್ಲಿ ನಮ್ಮ ಭಾವನ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದರೆ ಮೊದಲು ಎದುರಾಗುವುದು ಗಂಜಿಯ ವಾಸನೆ. ಹೊಸ ಬಟ್ಟೆಯ ವಾಸನೆ ಎಂದು ಜನ ಅನ್ನುವುದು ಅದನ್ನೇ. ಹೋದ ವಾರ ರವಿಕೆ ಕಣ ತರಲು ಹೋಗಿದ್ದೆ. ಅಕ್ಕನ ಮಗಳು ಸುಮ ಒಂದು ಬಿಳಿ ಶಲ್ಯದ ಮಡಿಕೆ ಬಿಚ್ಚಿ ಯಾರಿಗೋ ತೋರಿಸುತ್ತಿದ್ದಳು. ಆ ವಾಸನೆ ಎದ್ದು ಮುಖಕ್ಕೆ ಬಂತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

‘ಯಾಕ್ ಚಿಕ್ಕಮ್ಮ, ತಲೆ ತಿರುಗ್ತಾ?’ ಅಂದಳು ಸುಮ.

ಇಲ್ಲ ಅಂದೆ. ಎರಡು ವರ್ಷದ ಹಿಂದಿನ ಹುಣಸೆಹಣ್ಣಿನ ಕಾಲ ನೆನಪಾಗಿತ್ತು. ಆ ದಿನಗಳ ವಿಷಯವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಆಗ ನಡೆದದ್ದನ್ನೆಲ್ಲ ನೋಡುತ್ತಿದ್ದೆ, ಅಷ್ಟೆ. ಬಸ್ಸಿನ ಕಿಟಕಿಯಿಂದ ಬೇರೆಯವರ ಊರು ನೋಡಿದ ಹಾಗೆ.

ನನ್ನ ಗಂಡ ನರಸಿಂಹಪ್ಪ ಪೆನುಕೊಂಡದ ಹತ್ತಿರದ ಕಾರು ಕಾರ್ಖಾನೆಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದರು. ಹಿಂದೂಪುರದಿಂದ ಹೋಗುವುದು, ಅಲ್ಲಿಂದ ಬರುವುದು. ಪಾಳಿ ಬದಲಾಗುತ್ತಿತ್ತು, ರಸ್ತೆ ಬದಲಾಗುತ್ತಿರಲಿಲ್ಲ. ನಾನು ಲೇಪಾಕ್ಷಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡದ ಮೇಷ್ಟ್ರಮ್ಮ. ನಮಗೆ ಮಕ್ಕಳಿಲ್ಲ. ಇಬ್ಬರೂ ಬೆಳಿಗ್ಗೆ ಒಂದೊಂದು ದಿಕ್ಕಿಗೆ ಹೋಗಿ ಸಂಜೆ ಒಂದೇ ಮನೆಗೆ ಬರುತ್ತಿದ್ದೆವು. ಜೊತೆಯಾಗಿ ದೂರದ ಊರಿಗೆ ಹೋದದ್ದೆಂದರೆ ಮದುವೆ, ತಿಥಿಗಳಿಗೆ.

ಆ ವರ್ಷ ದೀಪಾವಳಿಗೆ ಕಲ್ಯಾಣದುರ್ಗದಿಂದ ಅಕ್ಕ ರತ್ನ ಮತ್ತು ಭಾವ ರುದ್ರಣ್ಣ ಬಂದಿದ್ದರು. ಸುಮ ಆಗಷ್ಟೆ ಅಂಗಡಿಯನ್ನು ತಾನೇ ನೋಡಿಕೊಳ್ಳಲು ಶುರು ಮಾಡಿದ್ದಳು. ಭಾವನಿಗೆ ಈಗ ಬಿಡುವಿತ್ತು. ಊಟ ಮಾಡುತ್ತಾ ನನ್ನ ಗಂಡ ಮಾತೆತ್ತಿದರು. ಒಂದು ವಾರ, ನಾಲ್ಕೇ ಜನ, ಭಾವನ ಕಾರು, ಓಡಿಸುವುದು ತಾವು. ಕದಿರಿಯ ಆಚೆ ಇರುವ ತಿಮ್ಮಮ್ಮನ ಆಲದ ಮರ, ಗಂಡಿಕೋಟದ ಕಣಿವೆ, ಬೆಲುಂ ಗುಹೆ, ಅಹೋಬಿಲ, ಕೊನೆಗೆ ನಲ್ಲಮಲ ಕಾಡಿನೊಳಗಿನ ರಸ್ತೆಯಲ್ಲಿ ಶ್ರೀಶೈಲ. ಭಾವ ತಟ್ಟೆಯಿಂದ ತಲೆ ಎತ್ತದೆ ‘ಆಗ್ಲಿ’ ಅಂದರು. ಅವರು ಯಾವುದಕ್ಕೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಅವರೇಕಾಯಿ ಕಾಲ ಪೂರ್ತಿ ಅದೇ ಮಾತು. ಭಾನುವಾರ ಸಂಜೆ ನಾನು ಅವರೇಕಾಯಿ ಸುಲಿಯುತ್ತಾ ಕೂತರೆ ನನ್ನ ಗಂಡ ಫೋನನ್ನು ನಡುವೆ ನೆಲದ ಮೇಲಿಟ್ಟು ಸ್ಪೀಕರ್ ಹಾಕುತ್ತಿದ್ದರು. ಆ ಕಡೆಯಿಂದ ಅಕ್ಕನ ಮನೆಯ ಟಿವಿ ಸದ್ದೂ ಕೇಳಿಸುತ್ತಿತ್ತು. ಎಲ್ಲಿ ಉಳಿಯುವುದು, ಯಾವ ಊರಲ್ಲಿ ಖಾರ ಕಡಿಮೆ, ಗುಹೆಯೊಳಗೆ ಅಕ್ಕನ ಮೊಣಕಾಲು ಇಳಿಯುತ್ತದೋ ಇಲ್ಲವೋ. ಎಲ್ಲ ಸರಿಹೋಯಿತು. ಹೊರಡುವ ದಿನಕ್ಕೆ ಬಂದಾಗ ಸಿಕ್ಕಿಕೊಂಡಿತು.

‘ರಜಾ ಮಂಗಳವಾರದಿಂದ ಸಿಕ್ಕೈತೆ ಅಣ್ಣ. ಮಂಗಳವಾರ ಬೆಳಿಗ್ಗೆ ಹೊರಟ್ಬುಡಾನ,’ ಅಂದರು ಇವರು.

ಆ ಕಡೆ ಕ್ಯಾಲೆಂಡರ್ ಹಾಳೆ ಮಗುಚಿದ ಸದ್ದು. ‘ಮಂಗಳವಾರ, ಬುಧವಾರ ಉತ್ತರಕ್ಕೆ ಶೂಲೆ ಕಣಪ್ಪ. ಆ ದಿಕ್ಕಿಗೆ ಹೋಗಂಗಿಲ್ಲ.’

‘ಮಂಗಳವಾರ ನಾವು ಹೋಗಾದು ಪೂರ್ವಕ್ಕೆ. ಕದಿರಿ ಕಡೀಕೆ.’

‘ಬುಧವಾರ?’

‘ಬುಧವಾರ ಗಂಡಿಕೋಟ. ಉತ್ತರ.’

‘ಮತ್ತೆ?’

‘ಮತ್ತೆ ಏನ್ಮಾಡಾನ ಅಣ್ಣ, ಗುರುವಾರ ಬರೋ ತನಕ ಆಲದ ಮರದ ಬಿಳಲು ಎಣಿಸ್ತಾ ಕೂತಿರಾನಾ?’

ಹಿಂದಿನಿಂದ ಅಕ್ಕನ ನಗು ಕೇಳಿಸಿತು. ‘ಎಣಿಸಪ್ಪಾ, ಎಕರೆಗಟ್ಲೆ ಐತಂತೆ ಆ ಮರ. ರಜದಾಗೂ ನಿಂಗೆ ಡ್ಯೂಟಿ ಸಿಕ್ಕಂಗಾಯ್ತು.’

ಭಾವ ನಗಲಿಲ್ಲ. ಯಾವ ವಾರ ಯಾವ ದಿಕ್ಕಿಗೆ ಪ್ರಯಾಣ ಕೂಡದು ಎಂಬ ಈ ಶೂಲೆಯ ಲೆಕ್ಕ ಮೀರಿ ಅವರು ಸರಕು ತರಲೂ ಹೋದವರಲ್ಲ. ರಜೆಯ ದಿನ ಬದಲಾಯಿಸಲು ಇವರ ಕೈಲಿ ಆಗುತ್ತಿರಲಿಲ್ಲ. ಕೊನೆಗೆ ಭಾವನೇ ದಾರಿ ಕಂಡುಹಿಡಿದರು. ಪರಸ್ಥಾನ ಇಟ್ಟರಾಯಿತು.

ನಮ್ಮ ಕಡೆ ಈಗಲೂ ಕೆಲವರು ಇದನ್ನು ಮಾಡುತ್ತಾರೆ. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಹೋಗುವವರು ಉಡುವ ಒಂದು ಬಟ್ಟೆಯನ್ನು ಅಕ್ಕಿ ಕಾಳು, ಅರಿಶಿನದ ಕೊಂಬಿನ ಜೊತೆ ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಬಟ್ಟೆ ಹೊಸಿಲು ದಾಟಿದರೆ ಆಳೂ ಹೊರಟ ಹಾಗೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಇದಕ್ಕಿರುವುದು ಒಂದೇ ಕಟ್ಟುಪಾಡು. ಇಟ್ಟದ್ದನ್ನು ಪ್ರಯಾಣ ಮಾಡದೆ ಮನೆಗೆ ವಾಪಸು ತರಬಾರದು.

ಮನೆಮನೆಗೆ ಬೇರೆ ಬೇರೆ ಇಡುವುದು ಪದ್ಧತಿ. ಆದರೆ ಭಾವ ವ್ಯಾಪಾರದವರು. ‘ಹೋಗಾದು ಒಂದೇ ಗಾಡೀಲಿ. ಎರಡೆರಡು ಪರಸ್ಥಾನ ಯಾಕೆ ಕಣಮ್ಮ? ನಮ್ಮಿಬ್ಬರ ಬಟ್ಟೆ ಬಸ್ಸಿಗೆ ಕಳಿಸ್ತೀನಿ. ನಿಮ್ಮದ್ರ ಜೊತೆ ಸೇರ್ಸಿ ಒಂದೇ ಬ್ಯಾಗ್ನಾಗೆ ಇಟ್ಬುಡಿ,’ ಅಂದರು. ಶನಿವಾರ ಕಂಡಕ್ಟರ್ ಕೈಲಿ ಕವರು ಬಂತು. ಅಂಗಡಿಯ ಹೊಸ ಶಲ್ಯ ಒಂದು, ಅಕ್ಕನ ರವಿಕೆ ಒಂದು. ಕವರು ಬಿಚ್ಚಿದಾಗ ಗಂಜಿಯ ವಾಸನೆ ಮನೆಯೊಳಗೆ ಹರಡಿತು. ನಾನು ನನ್ನದೊಂದು ನೂಲಿನ ಸೀರೆ ಮಡಿಸಿಟ್ಟೆ. ಇವರು ಮೊಳೆಗೆ ನೇತುಹಾಕಿದ್ದ ಟವೆಲ್ ತೆಗೆದು ಮೇಲೆ ಹಾಕಿದರು. ನಾಲ್ಕೂ ಒಂದೇ ಬ್ಯಾಗಿನೊಳಗೆ ಸೇರಿದವು.

ಉತ್ತರಕ್ಕೆ ನಮ್ಮ ಪಕ್ಕದ ಮನೆ ಮಾಬೂಬಿಯದು. ಹುಣಸೆಹಣ್ಣಿನ ಕಾಲದಲ್ಲಿ ಮಂಡಿಯಿಂದ ಮೂಟೆ ತರಿಸಿಕೊಂಡು, ಮನೆ ಮುಂದೆ ಕೂತು ಹಣ್ಣು ಕುಟ್ಟಿ ಬೀಜ ತೆಗೆದುಕೊಡುವುದು ಅವಳ ಕೆಲಸ. ಭಾನುವಾರ ಬೆಳಿಗ್ಗೆ ಇವರೇ ಬ್ಯಾಗು ಹಿಡಿದು ಹೋದರು. ನಾನು ಹಿಂದೆ ಹೋದೆ.

‘ಏಂ ಮಾಬೂಬಿ, ನಾವು ಟೂರ್ ಹೊರಟ್ವಿ.’

‘ಎಲ್ಲಿಗೆ ಅಣ್ಣಾ? ಪಕ್ಕದ ಮನೆಗಾ?’

‘ಮೊದಲ್ನೇ ಸ್ಟಾಪು ಇದೇ. ಇದನ್ನ ಒಳಗೆ ಇಡವ್ವ. ಮಂಗಳವಾರ ಬಂದು ಎತ್ಕೊಂಡು ಹೋಯ್ತೀವಿ.’

ಅವಳು ಹುಣಸೆ ಅಂಟಿದ ಕೈ ಒರೆಸಿಕೊಂಡು ಬ್ಯಾಗು ತೆಗೆದುಕೊಂಡಳು. ಒಳಗೇನಿದೆ ಎಂದು ಕೇಳಲಿಲ್ಲ. ವಾಪಸು ಬರುವಾಗ ಇವರು ನನ್ನ ಕಿವಿಯ ಹತ್ತಿರ ಬಂದು, ‘ನಿನ್ನ ಸೀರೆ ಆಗ್ಲೇ ಹೊಂಟ್ಹೋಯ್ತು, ನೀನಿನ್ನೂ ಪಾತ್ರೆ ತೊಳೀತಿದ್ದೀಯ,’ ಅಂದರು.

ಸೋಮವಾರ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರು. ನಾನು ಅಂದಿನಿಂದಲೇ ರಜೆ ಹಾಕಿದ್ದೆ. ಮುದ್ದೆ, ಹುರುಳಿ ಸಾರು ಬಡಿಸಿದೆ. ಉಂಡರು. ‘ಅಣ್ಣಾರು ಬರೋದ್ರೊಳಗೆ ಒಂದು ಗಳಿಗೆ ಕಣ್ಣು ಮುಚ್ತೀನಿ, ಎಬ್ಬಿಸು,’ ಎಂದು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ನಾನು ಹಿತ್ತಲಿನಿಂದ ಬಟ್ಟೆ ತೆಗೆದುಕೊಂಡು ಬಂದು, ಮಡಿಸಿ, ಕಾಫಿಗೆ ಹಾಲಿಟ್ಟು ಎಬ್ಬಿಸಲು ಹೋದೆ. ಭುಜ ಹಿಡಿದು ಅಲುಗಿಸಿದೆ. ಕೈ ತಣ್ಣಗಿತ್ತು. ಒಳಗೆ ಹಾಲು ಉಕ್ಕುವ ಸದ್ದಾಯಿತು. ನಾನು ಎದ್ದುಹೋಗಿ ಒಲೆ ಆರಿಸಿದೆ. ಆಮೇಲೆ ಮಾಬೂಬಿಯನ್ನು ಕರೆದೆ. ಈ ಕ್ರಮದಲ್ಲೇ ಮಾಡಿದೆ. ಮೊದಲು ಒಲೆ, ಆಮೇಲೆ ಮಾಬೂಬಿ.

ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ಅಕ್ಕ, ಭಾವ ಆಗಲೇ ಕಾರಿನಲ್ಲಿ ಹೊರಟಿದ್ದರು. ಪಾವಗಡ ದಾಟುವಾಗ ಅವರಿಗೆ ಫೋನು ಹೋಯಿತು. ಅವರು ಬಂದಿಳಿದ ಕಾರಿನ ಹಿಂದಿನ ಸೀಟಿನಲ್ಲಿ ನಿಪ್ಪಟ್ಟಿನ ಡಬ್ಬ, ನೀರಿನ ಕ್ಯಾನು, ಭಾವನ ಹೊಸ ಕ್ಯಾನ್ವಾಸ್ ಬೂಟು ಇದ್ದವು. ಆ ಬೂಟಿನಿಂದ ಬೆಲೆಚೀಟಿ ಕೂಡ ಕಿತ್ತಿರಲಿಲ್ಲ. ಅಕ್ಕ ನನ್ನನ್ನು ತಬ್ಬಿಕೊಂಡು ಅಳುತ್ತಿದ್ದಾಗ ನಾನು ಅವಳ ಭುಜದ ಮೇಲಿಂದ ಆ ಬೂಟು ನೋಡುತ್ತಿದ್ದೆ.

ಮಾರನೆಯ ದಿನ ಮಣ್ಣು ಮಾಡಿ ಬಂದ ಮೇಲೆ ಭಾವ ನನ್ನ ಹತ್ತಿರ ಬಂದು ಕೂತರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ.

‘ಸರೋಜ, ಆ ಬ್ಯಾಗು ಎಲ್ಲೈತಮ್ಮ?’

‘ಮಾಬೂಬಿ ಮನೇಲಿ.’

‘ಇನ್ನೂ ತೆಗ್ದಿಲ್ವಾ?’

‘ಇಲ್ಲ.’

‘ತೆಗೀಬ್ಯಾಡ,’ ಅಂದರು. ಅವರ ತುಟಿ ಒಣಗಿತ್ತು. ‘ನನ್ನ ಶಲ್ಯ ಅದ್ರಾಗೈತೆ.’

ಆಗ ನನಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಬೇಕು ಎಂದೂ ಅನ್ನಿಸಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಶಾಲೆಗೆ ಹೋದೆ. ಲೇಪಾಕ್ಷಿ ಬಸ್ಸು ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಮಕ್ಕಳಿಗೆ ಕಾಗುಣಿತ ಬರೆಸುತ್ತಿದ್ದೆ. ಬಿಸಿಲು ಏರುತ್ತಾ ಹೋಯಿತು. ಊರಿಗೆಲ್ಲ ಹುಣಸೆಯ ವಾಸನೆ ಬಡಿದಿತ್ತು. ಮಂಡಿಯ ಕಡೆಯಿಂದ ಗಾಳಿ ಬಂದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಬಸ್ಸಿನಲ್ಲಿ ಹೆಂಗಸರು ಹೇಳಿಕೊಳ್ಳುತ್ತಿದ್ದರು. ನನಗೆ ಏನೂ ಆಗುತ್ತಿರಲಿಲ್ಲ. ಒಂದು ಸಲ ಮಾಬೂಬಿ ತಟ್ಟೆಯಲ್ಲಿ ಅನ್ನ ತಂದಿಟ್ಟು ಎದುರಿಗೇ ಕೂತಳು. ಉಂಡೆ. ‘ಉಪ್ಪು ಹಾಕೋದೇ ಮರ್ತಿದ್ದೆ ಕಣಮ್ಮ, ನೀನೊಂದು ಮಾತು ಹೇಳಬಾರ್ದಾ?’ ಎಂದಳು. ನನಗೆ ತಿಳಿದಿರಲಿಲ್ಲ.

ಅಕ್ಕ ದಿನಾ ಫೋನು ಮಾಡುತ್ತಿದ್ದಳು. ಮೊದಮೊದಲು ನನ್ನನ್ನು ವಿಚಾರಿಸಲು. ಬರುಬರುತ್ತಾ ಭಾವನ ಸುದ್ದಿ ಹೇಳಲು. ಭಾವ ಅಂಗಡಿಗೆ ಹೋಗುತ್ತಿಲ್ಲ. ಬೀದಿಬಾಗಿಲು ದಾಟುತ್ತಿಲ್ಲ. ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದಾರೆ, ಮಲಗಿದರೆ ಏಳುವುದಿಲ್ಲ ಎಂಬ ಹೆದರಿಕೆ. ಅನ್ನ ಕಲಸಿ ಕಲಸಿ ಬಿಡುತ್ತಾರೆ. ಅನಂತಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದಾಯಿತು. ದೇಹದಲ್ಲಿ ಏನೂ ಇಲ್ಲ ಎಂದು ಕಳಿಸಿದರು. ‘ನಾಲ್ಕೂ ಬಟ್ಟೆ ಒಟ್ಟಿಗೆ ಹೊರಟೈತೆ. ಒಬ್ಬ ಮುಂದೆ ಹೋದ. ಇನ್ನು ಮೂರು,’ ಅನ್ನುತ್ತಾರಂತೆ. ಸುಮ ಮೊದಲು ಗೇಲಿ ಮಾಡಿದಳು, ಆಮೇಲೆ ಬೈದಳು, ಈಗ ಅಪ್ಪನ ಎದುರಿಗೆ ನಿಲ್ಲಲು ಅವಳಿಗೇ ಭಯ. ಅಷ್ಟು ಇಳಿದುಹೋಗಿದ್ದಾರೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದಳು. ಬಂದವಳು ಚಪ್ಪಲಿ ಬಿಟ್ಟು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ಕೇಳಬಾರ್ದು ಕಣೇ ಸರೋಜಿ. ಕೇಳೋಕೆ ಬಾಯೇ ಬರಲ್ಲ.’

‘ಕೇಳು.’

‘ಅಯ್ಯನೋರತ್ರ ಹೋಗಿದ್ದೆ. ಹೊರಟ ಪ್ರಯಾಣ ಮುಗಿಸಿ ಬಂದ್ರೆ ಏನೂ ಇಲ್ಲ ಅಂದ್ರು. ಬ್ಯಾಗ್ನಾಗೆ ಯಾರ್ಯಾರ ಬಟ್ಟೆ ಐತೋ ಅವರೆಲ್ಲಾ ಹೋಗಿಬರ್ಬೇಕಂತೆ.’ ಅವಳು ನನ್ನ ಕೈ ಹಿಡಿದುಕೊಂಡಳು. ‘ನಿನ್ನ ಸೀರೇನೂ ಐತಲ್ಲ. ಮೂರು ತಿಂಗಳೂ ತುಂಬಿಲ್ಲ. ಈಗ ನಿನ್ನ ಊರೂರು ತಿರುಗ್ಸಿದ್ರೆ ಜನ ಏನಂತಾರೆ ಅಂತ ನಂಗೊತ್ತು. ಆದ್ರೆ ಅವರು ಉಳಿಯಲ್ಲ ಕಣೇ. ನನ್ನ ಕಣ್ಮುಂದೇನೇ ಹೋಗ್ಬುಡ್ತಾರೆ.’

ಹೋಗಬಾರದು ಎಂದು ಹೇಳಲು ನನ್ನ ಹತ್ತಿರ ಕಾರಣವಿರಲಿಲ್ಲ. ಹೋಗಬೇಕು ಎನ್ನಲೂ ಇರಲಿಲ್ಲ. ‘ಸರಿ’ ಅಂದೆ. ಅವಳು ನನ್ನ ಕೈಯ ಮೇಲೆ ಹಣೆ ಇಟ್ಟು ಅತ್ತಳು. ಇವಳಿಗೆ ಕಾಫಿ ಕೊಡಬೇಕು ಎಂದು ನಾನು ಯೋಚಿಸುತ್ತಿದ್ದೆ.

ಬೇಸಿಗೆ ರಜೆ ಶುರುವಾದ ಮೇಲೆ ಸುಮ ಕಾರು ಓಡಿಸಿಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಭಾವ ಮುದುಡಿ ಕೂತಿದ್ದರು. ಅಂಗಿಯ ಕೊರಳಪಟ್ಟಿಯೊಳಗೆ ಕತ್ತು ಅಲ್ಲಾಡುವಷ್ಟು ಇಳಿದಿದ್ದರು. ನಾನು ಬ್ಯಾಗು ತರಲು ಮಾಬೂಬಿಯ ಮನೆಗೆ ಹೋದೆ. ಅವಳು ಅಟ್ಟದಿಂದ ಇಳಿಸಿಕೊಟ್ಟಳು. ಒಂದಿಷ್ಟೂ ಧೂಳಿರಲಿಲ್ಲ.

‘ದಿನಾ ಒರೆಸ್ತಿದ್ದೆ ಕಣಮ್ಮ. ಇನ್ನೇನ್ ಮಾಡ್ಲಿ? ಅಣ್ಣ ಮಂಗಳವಾರ ಬತ್ತೀನಿ ಅಂದಿದ್ರು.’

ಭಾವ ಆ ಬ್ಯಾಗನ್ನು ಮುಟ್ಟಲಿಲ್ಲ. ಸುಮ ತೆಗೆದುಕೊಂಡು ಡಿಕ್ಕಿಯಲ್ಲಿಟ್ಟಳು. ಶೂಲೆ ನೋಡಿಯೇ ಹೊರಟೆವು. ನಾನು ಮುಂದೆ ಸುಮಳ ಪಕ್ಕ ಕೂತೆ.

ಆಲದ ಮರದ ಕೆಳಗೆ ಇಳಿದು ನಡೆದೆವು. ಬಿಳಲು ಇಳಿದು ಕಾಂಡವಾಗಿ, ಯಾವುದು ಮೂಲ ಎಂದು ತಿಳಿಯುವುದಿಲ್ಲ. ನಾನು ನೋಡಿದೆ. ಮರ ದೊಡ್ಡದಿತ್ತು. ಭಾವ ಕಾರು ಬಿಟ್ಟು ಇಳಿಯಲಿಲ್ಲ. ಗಂಡಿಕೋಟದಲ್ಲಿ ಕೋಟೆಯ ಆಚೆ ಬಂಡೆಗಳ ತುದಿಗೆ ಹೋದರೆ ನೆಲ ಸೀಳಿಕೊಂಡು, ಆಳದಲ್ಲಿ ಪೆನ್ನಾ ನದಿ ಹಸಿರಾಗಿ ತಿರುಗಿ ಹೋಗುತ್ತದೆ. ಜನ ಕೂಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ನಾನು ಒಂದು ಬಂಡೆಯ ಮೇಲೆ ಕೂತು ಅದನ್ನು ನೋಡಿದೆ. ಆಳವಿತ್ತು. ಅಷ್ಟೇ ತಿಳಿಯಿತು. ಅಲ್ಲಿ ಭಾವ ಸುಮಳ ಕೈ ಹಿಡಿದು ಕೋಟೆಯ ಬಾಗಿಲವರೆಗೆ ಬಂದರು.

ಬೆಲುಂ ಗುಹೆಯಲ್ಲಿ ಮೆಟ್ಟಿಲಿಳಿದು ಒಳಗೆ ಹೋದಷ್ಟೂ ಸೆಕೆ. ಬೆವರು ಸುರಿಯುತ್ತಿತ್ತು. ಕೆಳಗೆ ಇಳಿಯುವುದೋ ಬೇಡವೋ ಎಂದು ಹೊರಗೇ ನಿಂತಿದ್ದ ಭಾವ, ಅಕ್ಕ ಮೊಣಕಾಲು ನೋವೆಂದು ಅಲ್ಲೇ ಕೂತಾಗ, ನನ್ನ ಹಿಂದೆ ಬಂದರು. ನೆಲದೊಳಗಿನ ನೀರಿನ ಸದ್ದು ಕೇಳುವ ಜಾಗದ ತನಕ ಬಂದರು. ವಾಪಸು ಮೆಟ್ಟಿಲು ಹತ್ತಿ ಬಿಸಿಲಿಗೆ ತಲೆ ಎತ್ತಿದಾಗ ಅವರ ಮುಖ ನೋಡಿದೆ. ಹಣೆಯಿಂದ ಬೆವರಿಳಿಯುತ್ತಿತ್ತು, ಕಣ್ಣು ಅರಳಿತ್ತು.

‘ಭೂಮಿಯೊಳಗೆ ಹೋಗಿ ಎದ್ದು ಬಂದ್ಬುಟ್ಟೆ ಕಣಮ್ಮ,’ ಅಂದರು.

ಅವತ್ತು ಹೋಟೆಲಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು. ಗೋಂಗುರ ಚಟ್ನಿ ಕೇಳಿ ಹಾಕಿಸಿಕೊಂಡರು. ಅಕ್ಕ ತಟ್ಟೆ ಮುಂದಿಟ್ಟುಕೊಂಡು ತಾನು ಉಣ್ಣದೆ ಅವರನ್ನೇ ನೋಡುತ್ತಿದ್ದಳು. ‘ಏನೇ ನೋಡ್ತೀಯ, ನಾನೇನು ಮದ್ಲಿಂಗನಾ?’ ಎಂದರು ಭಾವ. ಸುಮ ಎದ್ದು ಕೈತೊಳೆಯುವ ಕಡೆಗೆ ಹೋದಳು. ಬಂದಾಗ ಅವಳ ಕಣ್ಣು ಕೆಂಪಗಿತ್ತು. ಮರುದಿನ ಅಹೋಬಿಲದಲ್ಲಿ ಭಾವ ತಾವಾಗಿ ಡಿಕ್ಕಿಯಿಂದ ಬ್ಯಾಗು ಎತ್ತಿ ಕೋಣೆಗೆ ಒಯ್ದರು. ನಾನು ಅದನ್ನೂ ನೋಡಿದೆ. ಅಕ್ಕನಿಗೆ ಗಂಡ ಸಿಕ್ಕಿದ ಎಂದುಕೊಂಡೆ. ಅದು ಸರಿಯಾದ ಮಾತು. ಆದರೆ ಸಂತೋಷ ಇನ್ನೊಬ್ಬರ ಮನೆಯ ಊಟದ ವಾಸನೆಯಂತೆ ಆಚೆಯೇ ಉಳಿಯಿತು.

ನಂದ್ಯಾಲದ ಹೊರಗೆ, ರಸ್ತೆ ಕೂಡುವ ಕಡೆ ಚಹಾ ಕುಡಿಯಲು ನಿಲ್ಲಿಸಿದೆವು. ಭಾವ ಕಾಲು ಚಾಚಿ ಬೆಂಚಿನ ಮೇಲೆ ಕೂತರು.

‘ಸುಮ, ಎಡಕ್ಕೆ ತಿರುಗ್ಸು. ಗುತ್ತಿ ಮೇಲೆ ಅನಂತಪುರ, ಕತ್ತಲಾಗೋದ್ರೊಳಗೆ ಊರು ಸೇರ್ಬೋದು.’

‘ಶ್ರೀಶೈಲ, ಕಾಡು ಎಲ್ಲ ಇನ್ನೂ ಐತಲ್ಲಪ್ಪ?’

‘ಹೊರಟ್ವಿ, ದೇವರು ಕಂಡ್ವಿ, ಆಯ್ತಲ್ಲ. ಪ್ರಯಾಣ ಅಂದ್ಮೇಲೆ ಪ್ರಯಾಣಾನೇ. ಅಂಗಡಿ ಬಾಗ್ಲು ಎಷ್ಟು ದಿನ ಹಾಕ್ತೀಯ? ಪದ, ಪದ, ನಡಿ ಮನೆಗೆ.’ ಭಾವನ ದನಿ ಮೊದಲಿನಂತಾಗಿತ್ತು. ಅಂಗಡಿಯಲ್ಲಿ ಆಳುಗಳಿಗೆ ಹೇಳುವ ದನಿ.

ಅಕ್ಕ ನನ್ನ ಕಡೆ ನೋಡಿ, ನೆಲ ನೋಡಿದಳು. ಗಂಡ ಮನೆಗೆ ಹೋಗೋಣ ಎಂದರೆ ಸಾಕಾಗಿತ್ತು ಅವಳಿಗೆ. ಸುಮ ಕೀ ಹಿಡಿದು ನಿಂತಳು. ಎದುರು ರಸ್ತೆಯಲ್ಲಿ ಒಂದು ಖಾಲಿ ಬಸ್ಸು ಆತ್ಮಕೂರಿನ ಬೋರ್ಡು ಹಾಕಿಕೊಂಡು ನಿಂತಿತ್ತು. ಅದರ ಡ್ರೈವರು ಬಾಗಿಲ ಬಳಿ ನಿಂತು ಬಾಟಲಿಯ ನೀರಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದ. ನನ್ನ ಕೈಯಲ್ಲಿದ್ದ ಚಹಾ ಸುಡುತ್ತಿತ್ತು. ಎಷ್ಟು ಹೊತ್ತಿನಿಂದ ಸುಡುತ್ತಿತ್ತೋ. ಲೋಟ ಕೆಳಗಿಟ್ಟೆ.

‘ಭಾವ, ನಾನು ವಾಪಸ್ ಬರಲ್ಲ,’ ಅಂದೆ.

‘ಹಂಗಂದ್ರೆ?’

‘ಕಾಡು ನೋಡ್ಬೇಕು. ಶ್ರೀಶೈಲ ನೋಡ್ಬೇಕು. ಅವರು ಒಂದು ವಾರ ಅಂದಿದ್ರು.’

‘ನಿಂಗೆ ನೋಡೋ ಮನಸ್ಸಾದ್ರೂ ಎಲ್ಲೈತಮ್ಮ? ಬರೀ ಗೊಂಬೆ ತರ ಬಂದಿದ್ದೀಯ. ನಾನು ನೋಡ್ತಾನೇ ಇದ್ದೀನಿ.’

ಅವರು ಕೆಟ್ಟದ್ದಕ್ಕೆ ಹೇಳಿದ ಮಾತಲ್ಲ. ನಿಜವಾದ ಮಾತು. ಆದರೆ ಅದನ್ನು ಕೇಳಿದಾಗ ನನ್ನ ಎದೆಯೊಳಗೆ ಏನೋ ಬಿಸಿಯಾಗಿ ಮೇಲಕ್ಕೆ ಬಂತು. ಅಳುವಲ್ಲ. ಸಿಟ್ಟು. ಆ ಸೋಮವಾರದಿಂದ ನನಗೆ ಮೊದಲ ಸಲ ಬಂದದ್ದು ಅದೇ.

‘ನಿಮ್ಮ ಭಯ ಹೋಗೋವರ್ಗೂ ನಾನು ನಿಮ್ಮ ಜೊತೆ ಬಂದೆ ಭಾವ,’ ಅಂದೆ. ‘ಇನ್ನು ನೀವು ನನ್ನ ಜೊತೆ ಬನ್ನಿ.’

ನಾನು ಭಾವನ ಹತ್ತಿರ ಹಾಗೆ ಮಾತಾಡಿದ್ದು ಅದುವರೆಗೆ ಇಲ್ಲ. ಚಹಾ ಅಂಗಡಿಯವನು ಕೂಡ ತಿರುಗಿ ನೋಡಿದ. ಭಾವ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ಆಮೇಲೆ ಎದ್ದುಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ಕೂತರು. ಅಕ್ಕ ಅವರ ಪಕ್ಕ ಕೂತಳು. ಸುಮ ಎದುರು ರಸ್ತೆಗೆ ತಿರುಗಿಸಿದಳು.

ಆತ್ಮಕೂರು ದಾಟಿ ಅರಣ್ಯದ ಗೇಟು ಬಂತು. ಹೆಸರು ಬರೆದುಕೊಂಡು ಬಿಟ್ಟರು. ಸ್ವಲ್ಪ ದೂರದಲ್ಲೇ ಬಿಸಿಲು ರಸ್ತೆಯ ಮೇಲೆ ಚೂರುಚೂರಾಗಿ ಬೀಳತೊಡಗಿತು. ನಾನು ಕಿಟಕಿ ಇಳಿಸಿದೆ. ಒಣ ಎಲೆಯ ವಾಸನೆ, ಎಲ್ಲೋ ಸುಟ್ಟ ಹುಲ್ಲಿನ ವಾಸನೆ ಒಳಗೆ ಬಂತು. ಬಂತೆಂದು ನನಗೆ ತಿಳಿಯಿತು. ಯಾವುದೋ ಹಕ್ಕಿ ಒಂದೇ ಸಮ ಕೂಗುತ್ತಿತ್ತು.

‘ನಿಧಾನ ಹೋಗಮ್ಮ,’ ಅಂದೆ ಸುಮಳಿಗೆ.

ಅವಳು ಗೇರು ಇಳಿಸಿದಳು. ‘ಇನ್ನೂ ನಿಧಾನ,’ ಅಂದೆ.

‘ಇದಕ್ಕಿಂತ ನಿಧಾನ ಹೋದ್ರೆ ಗಾಡಿ ನಿಂತೋಯ್ತದೆ ಚಿಕ್ಕಮ್ಮ.’

‘ನಿಂತ್ಕೊಳ್ಲಿ ಬಿಡು,’ ಅಂದೆ.